ಡಿಲಾರ್ಮ್ ಅವರ ಕಬ್ಬಿಣದ ಬೂಟನ್ನು ಬಿಟ್ಟಿದ್ದೀರಿ

ಥಾಮಸ್ ಡಿಲಾರ್ಮ್ ಅವರ ವೃತ್ತಿಜೀವನದ ಲೇಖನ ಓದಿದೆ. ‘ಗಾಯಾಳು ಸೈನಿಕರಿಗೆ ವ್ಯಾಯಾಮ ಕಲಿಸಿದ ಅಮೆರಿಕದ ವೈದ್ಯ’ ಎಂಬ ಒಂದೇ ಸಾಲಿನಲ್ಲಿ ಅವರ ಮುಖ್ಯ ಕೆಲಸವನ್ನು ಮುಗಿಸಿಬಿಟ್ಟಿದ್ದೀರಲ್ಲ!

ಎರಡನೇ ಮಹಾಯುದ್ಧದ ಕಾಲಕ್ಕೆ ಮಂಡಿಗೆ ಪೆಟ್ಟಾದವರಿಗೆ ಹಗುರ ತೂಕ ಕೊಟ್ಟು ನೂರಾರು ಸಲ ಎತ್ತಿಸುವುದು ರೂಢಿಯಾಗಿತ್ತು. ತಾವೇ ಭಾರ ಎತ್ತುವ ಹವ್ಯಾಸಿಯಾಗಿದ್ದ ಡಿಲಾರ್ಮ್, ಷಿಕಾಗೊದ ಸೇನಾ ಆಸ್ಪತ್ರೆಯಲ್ಲಿ ಅದನ್ನು ತಲೆಕೆಳಗು ಮಾಡಿದರು. ರೋಗಿಯ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ಹೆಚ್ಚು ತೂಕ ಸೇರಿಸಿ ಕಾಲು ನೀಡಿಸುತ್ತಿದ್ದರು. 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಇನ್ನೊಬ್ಬ ವೈದ್ಯ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ರೂಪಿಸಿದ ಕ್ರಮ ಇನ್ನೂ ಸರಳ: ಹತ್ತು ಸಲವಷ್ಟೇ ಎತ್ತಬಲ್ಲ ತೂಕ ಗುರುತಿಸಿ, ಮೊದಲು ಅದರ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ, ಪ್ರತಿ ಸುತ್ತಿಗೂ ಹತ್ತು ಸಲ. ಬಲ ಬಂದಂತೆ ತೂಕವೂ ಏರಬೇಕು. ಸ್ನಾಯು ಬೆಳೆಯುವುದೇ ಈ ಏರಿಕೆಯಿಂದ.

ನಮ್ಮಲ್ಲಿ ಮರೆತಿರುವುದೂ ಅದನ್ನೇ. ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಯಾದಾಗ (ಆಸ್ಪತ್ರೆಯ ಹೆಸರು ಬೇಡ) ಹಾಳೆಯಲ್ಲಿ ಬರೆದುಕೊಟ್ಟ ಅರ್ಧ ಕಿಲೋ ಮರಳಿನ ಚೀಲ ಕೊನೆಯವರೆಗೂ ಅರ್ಧ ಕಿಲೋ ಆಗಿಯೇ ಉಳಿಯಿತು. ಮುಂದಿನ ಕಂತಿನಲ್ಲಾದರೂ ಈ ವಿಷಯವನ್ನು ವಿವರವಾಗಿ ಬರೆಯಿರಿ.