ಮುಕ್ಕಾಲಿನ ಅರೆ ಎಷ್ಟು?

ಅಡುಗೆಮನೆಯಲ್ಲಿ ಮಗಳು ಅಳತೆ ಕಪ್ಪು ಹಿಡಿದು ಸುಮ್ನೆ ನಿಂತಿದ್ದಳು. ಆರು ಜನಕ್ಕೆ ಬರೆದ ಅಳತೆಯನ್ನು ಮೂರು ಜನಕ್ಕೆ ಇಳಿಸಬೇಕಿತ್ತು. ಹಿಟ್ಟು 3/4 ಕಪ್ಪು. ಅದರ ಅರ್ಧ 3/8 ಅಂತ ಅವಳಿಗೆ ಗೊತ್ತು, ಶಾಲೆಯಲ್ಲಿ ಮಾಡಿದ್ದಾಳೆ. ಆದರೆ 3/8 ಅಂತ ಬರೆದ ಕಪ್ಪು ನಮ್ಮ ಸೆಟ್ಟಿನಲ್ಲಿ ಇಲ್ಲ. ಮುಂದೇನು ಅಂತ ತಿಳಿಯಲಿಲ್ಲ.

"ಮುಕ್ಕಾಲು ಅಂದರೇನು?" ಅಂತ ಕೇಳಿದೆ. ಮೂರು ಕಾಲು. ಕಾಲಿನ ಅರೆಗೆ ಅರೆಕಾಲು ಅನ್ನುತ್ತೇವೆ. ಹಾಗಾದರೆ ಮುಕ್ಕಾಲಿನ ಅರೆ ಅಂದರೆ ಮೂರು ಅರೆಕಾಲು. ನಾವಿರುವ ಅಮೆರಿಕದ ಅಳತೆಯಲ್ಲಿ ಒಂದು ಕಪ್ಪಿಗೆ 16 ಟೇಬಲ್ ಸ್ಪೂನು. ಅರೆಕಾಲು ಕಪ್ಪಿಗೆ ಎರಡು, ಮೂರು ಅರೆಕಾಲಿಗೆ ಆರು. ಒಂದೊಂದಾಗಿ ಎಣಿಸಿ ಹಾಕಿದಳು.

ಆಗಲೇ ನನಗೆ ಹೊಳೆಯಿತು. ಹದಿನಾರರಲ್ಲಿ ಒಂದು ಪಾಲಿಗೆ ಕನ್ನಡದಲ್ಲಿ ವೀಸ ಅನ್ನುತ್ತಾರೆ. ಅಂದರೆ ಈ ಟೇಬಲ್ ಸ್ಪೂನು ಕಪ್ಪಿನ ವೀಸವೇ ಅಲ್ವಾ? ಎಷ್ಟೋ ವರ್ಷದಿಂದ ಬಳಸುತ್ತಿರುವ ಚಮಚಕ್ಕೆ ನನ್ನ ಭಾಷೆಯಲ್ಲೇ ಹೆಸರಿತ್ತು. ತುಂಬಾ ಖುಷಿಯಾಯಿತು.

ಇಲ್ಲಿ ಕಪ್ಪು, ಚಮಚಗಳ ಹಿಡಿಯ ಮೇಲೇ 1/2, 1/3, 1/4 ಅಂತ ಕೊರೆದಿರುತ್ತದೆ. ಮಗು ಭಿನ್ನರಾಶಿಯನ್ನು ಕೈಯಲ್ಲಿ ಹಿಡಿಯುತ್ತದೆ. ಕಾಲು ಕಪ್ಪಿನಿಂದ ಎರಡು ಸಲ ಸುರಿದರೆ ಅರ್ಧ ಕಪ್ಪು ತುಂಬುವುದನ್ನು ಕಣ್ಣಾರೆ ನೋಡುತ್ತದೆ. ನಾನು ಅಂಶ, ಛೇದ ಅಂತ ಬಾಯಿಪಾಠ ಮಾಡಿ ಕಲಿತವನು. ಮನೆಯಲ್ಲಿ ಅಮ್ಮ "ಒಂದಕ್ಕೆ ಎರಡು ನೀರು" ಅನ್ನುತ್ತಿದ್ದರು. ನಾನು ಶಾಲೆಯಲ್ಲಿ ಕಲಿಯುತ್ತಿದ್ದ ಅನುಪಾತ ಅದೇ ಅಂತ ಯಾರೂ ಹೇಳಿಕೊಡಲಿಲ್ಲ.

ಆದರೆ ಅಮ್ಮನ ಆ ಲೆಕ್ಕದ ಗಟ್ಟಿತನ ನನಗೆ ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ಪು 250. ಟೇಬಲ್ ಸ್ಪೂನು ಇಲ್ಲಿ ಸುಮಾರು 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಬರೆದವರು ಯಾವ ದೇಶದವರು ಅಂತ ನೋಡದೆ ಅಳೆದರೆ ಹದ ಕೆಡಬಹುದು. ಒಂದಕ್ಕೆ ಎರಡು ಅಂದರೆ ಯಾವ ಲೋಟ ಹಿಡಿದರೂ ಒಂದಕ್ಕೆ ಎರಡೇ.

ಅರೆ ಮಾಡುತ್ತಾ ಹೋಗುವ ನಮ್ಮ ಹೆಸರುಗಳು 1/3ರ ಹತ್ತಿರ ನಿಂತುಬಿಡುತ್ತವೆ, ಅದೂ ನಿಜ. ಅಲ್ಲಿ ಇಲ್ಲಿನ ಸಣ್ಣ ಚಮಚವೇ ಕೈಹಿಡಿಯುತ್ತದೆ. ಮೂರು ಟೀ ಸ್ಪೂನಿಗೆ ಒಂದು ಟೇಬಲ್ ಸ್ಪೂನು. ಹಾಗಾಗಿ ಕಪ್ಪಿಗೆ 48, ಮೂರನೇ ಒಂದಕ್ಕೆ 16, ಅದರ ಅರ್ಧಕ್ಕೆ 8. ಸಕ್ಕರೆಯ ಸರದಿ ಬಂದಾಗ ಮಗಳು ಇದನ್ನು ನನ್ನ ಸಹಾಯವಿಲ್ಲದೆ ಮಾಡಿದಳು.

ಹೊರನಾಡಿನಲ್ಲಿ ನಾವು ಮಕ್ಕಳಿಗೆ ಅ, ಆ, ಇ, ಈ ಕಲಿಸಲು ಎಷ್ಟು ಕಷ್ಟಪಡುತ್ತೇವೆ. ಅದರ ಜೊತೆಗೆ ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ ಕೂಡ ಕಲಿಸೋಣ, ಅಡುಗೆಮನೆಯಲ್ಲೇ, ಕೈಗೆ ಚಮಚ ಕೊಟ್ಟು. ನಮ್ಮ ಮನೆಯಲ್ಲಿ ಈಗ ಟೇಬಲ್ ಸ್ಪೂನು ಬೇಕಾದರೆ ಮಗಳು "ವೀಸ ಕೊಡಿ" ಅನ್ನುತ್ತಾಳೆ.