ಐಷಾರಾಮಿ ಬ್ಯಾಗುಗಳೆಲ್ಲ ಚೀನಾದಲ್ಲೇ ತಯಾರಾಗುತ್ತವಾ?

"ದುಬಾರಿ ಬ್ರ್ಯಾಂಡ್‌ಗಳ ಬ್ಯಾಗು ಹೊಲಿಯೋದು ಚೀನಾದಲ್ಲಿ. ಯುರೋಪಿನಲ್ಲಿ ಲೇಬಲ್ ಮಾತ್ರ ಅಂಟಿಸ್ತಾರೆ. ಕಾರ್ಖಾನೆಯಿಂದಲೇ ಅಗ್ಗಕ್ಕೆ ತಗೊಳ್ಳಿ." 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾ ಸರಕುಗಳ ಮೇಲಿನ ಸುಂಕ ಏರಿಸಿದಾಗ ಇಂಥ ವಿಡಿಯೊಗಳು ಹಬ್ಬಿದವು. ಈಗಲೂ ಫಾರ್ವರ್ಡ್ ಆಗುತ್ತಿವೆ.

ಇದು ನಿಜವಲ್ಲ. ಎರ್ಮೆಸ್ ತನ್ನ ಚರ್ಮದ ಬ್ಯಾಗುಗಳನ್ನು ಫ್ರಾನ್ಸ್‌ನಲ್ಲೇ ತಯಾರಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದು ಬ್ಯಾಗನ್ನು ಒಬ್ಬರೇ ಕೊನೆವರೆಗೂ ಮಾಡುತ್ತಾರೆ. ಮೇಣ ಸವರಿದ ಒಂದೇ ದಾರ, ಅದರ ಎರಡೂ ತುದಿಗೆ ಸೂಜಿ. ಎರಡೂ ಸೂಜಿ ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯುತ್ತವೆ. ಹಾಗಾಗಿ ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಡೋದಿಲ್ಲ. ಲೂಯಿ ವಿಟಾನ್ ಕಾರ್ಯಾಗಾರಗಳು ಫ್ರಾನ್ಸ್, ಸ್ಪೇನ್, ಇಟಲಿ, ಅಮೆರಿಕದಲ್ಲಿವೆ. ಕೆಲವು ಬ್ರ್ಯಾಂಡ್‌ಗಳ ಕೆಲವು ವಸ್ತುಗಳು ಚೀನಾದಲ್ಲಿ ತಯಾರಾಗುತ್ತವೆ, ನಿಜ. ಆದರೆ ವಿಡಿಯೊದಲ್ಲಿ ಮಾರುವುದು ಬಹುತೇಕ ನಕಲಿ ಮಾಲು.

ಹಾಗಂತ ಯುರೋಪಿನ ಲೇಬಲ್ ಇದ್ದರೆ ಸುಮ್ನೆ ನಂಬಬೇಕಾಗಿಲ್ಲ. ನನಗೆ ಜಾಸ್ತಿ ಬೇಸರ ತಂದದ್ದು 2024ರ ಮಿಲಾನ್ ಪ್ರಕರಣ. ಡಿಯೋರ್‌ನ ಇಟಲಿ ಘಟಕವೊಂದನ್ನು ಅಲ್ಲಿನ ನ್ಯಾಯಾಲಯ ಕೆಲಕಾಲ ತನ್ನ ನಿಗಾದಡಿ ತಂದಿತು. ಅಂಗಡಿಯಲ್ಲಿ 2,600 ಯೂರೊಗೆ ಮಾರುವ ಬ್ಯಾಗಿಗೆ ಉಪಗುತ್ತಿಗೆದಾರರಿಗೆ ಸಿಗುತ್ತಿದ್ದದ್ದು 53 ಯೂರೊ, ಚರ್ಮದ ಖರ್ಚು ಬೇರೆ. ಆ ಕಾರ್ಯಾಗಾರಗಳಲ್ಲಿ ಕಾರ್ಮಿಕರು ಅಲ್ಲೇ ಮಲಗುತ್ತಿದ್ದರು. ಇದೆಲ್ಲ ನಡೆದದ್ದು ಇಟಲಿಯಲ್ಲೇ, ಅಲ್ವಾ?

ಮುಂದೆ ಇದನ್ನು ಮುಚ್ಚಿಡೋದು ಕಷ್ಟವಾಗಲಿದೆ. 2024ರಲ್ಲಿ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಕಾನೂನು ಸರಕುಗಳಿಗೆ ಹಂತಹಂತವಾಗಿ ಡಿಜಿಟಲ್ ಪಾಸ್‌ಪೋರ್ಟ್ ತರಲಿದೆ. ಬಟ್ಟೆಗಳು ಮೊದಲ ಸಾಲಿನಲ್ಲಿವೆ. ಕೋಡ್ ಸ್ಕ್ಯಾನ್ ಮಾಡಿದರೆ ವಸ್ತುವಿನ ವಿವರ ಸಿಗುತ್ತದೆ.