ಇಂದ್ರಾಳಿಯಲ್ಲಿ ಗೆಟ್ ಡೌನ್

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಹೊರದೇಶದ ಹುಡುಗರು ಬಂದು ಕೂರುವುದು ಹೊಸತೇನಲ್ಲ. ಅವತ್ತು ಬಂದವನು ಆರಡಿಗಿಂತ ಎತ್ತರ. ಬೆನ್ನ ಮೇಲೆ ಒಂದು ಸಂಸಾರವೇ ಹಿಡಿಯುವಷ್ಟು ದೊಡ್ಡ ಚೀಲ. ರೈಲ್ವೆ ಸ್ಟೇಷನ್ನಿಗೆ ಎಲ್ಲಿ ಇಳಿಯಬೇಕು ಎಂದು ಕೇಳಿದ. ಪರೋಪಕಾರದ ಪುಣ್ಯ ಒಂದು ಕಡೆ, ಬಸ್ಸಿನ ತುಂಬ ಜನರೆದುರು ಇಂಗ್ಲಿಷ್ ಮಾತಾಡುವ ಯೋಗ ಇನ್ನೊಂದು ಕಡೆ. ಯಾರು ಬಿಡುತ್ತಾರೆ? ಇಂದ್ರಾಳಿ ಬಂದಾಗ ನಾನೇ ಹೇಳುತ್ತೇನೆ, ನಿಶ್ಚಿಂತೆಯಿಂದ ಕುಳಿತಿರು ಎಂದೆ.

ಅವನು ಅದನ್ನು ಅಕ್ಷರಶಃ ಪಾಲಿಸಿದ. ಕಡಿಯಾಳಿ ಹೋಯಿತು, ಕುಂಜಿಬೆಟ್ಟು ಹೋಯಿತು, ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಮ್ಮ ಬಸ್ಸುಗಳು ಸ್ಟಾಪಿನಲ್ಲಿ ನಿಲ್ಲುವುದು ಶಾಸ್ತ್ರಕ್ಕೆ ಮಾತ್ರ. ಇಂದ್ರಾಳಿಯಲ್ಲಿ ಬ್ರೇಕು ಬಿದ್ದದ್ದೇ ನಾನು ಗಾಬರಿಯಿಂದ ಅವನ ಭುಜ ಹಿಡಿದು, "ಗೆಟ್ ಡೌನ್! ಗೆಟ್ ಡೌನ್!" ಎಂದು ಕೂಗಿದೆ.

ಹುಡುಗ ಚೀಲದ ಸಮೇತ ಸೀಟಿನ ಸಂದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಎದುರಿನ ಸೀಟಿನ ಅಜ್ಜಿ, ಕೆಳಗೆ ಹಾವು ಬಂತೆಂದು ತಿಳಿದು ಕಾಲು ಮೇಲೆತ್ತಿಕೊಂಡರು. "ಅವರಿಗೆ ಏನಾಯಿತು ಮಾರಾಯರೇ?" ಎಂದು ನನ್ನನ್ನು ಕೇಳಿದ ಕಂಡಕ್ಟರ್, ಉತ್ತರಕ್ಕೆ ಕಾಯದೆ "ರೈಟ್, ಪೋಯಿ" ಎಂದ. ನಾವಿಬ್ಬರೂ ಮಣಿಪಾಲದ ಟೈಗರ್ ಸರ್ಕಲ್‌ವರೆಗೆ ಹೋದೆವು. ರೈಲು ಅವನನ್ನು ಬಿಟ್ಟು ಹೋಯಿತು.

ಬಸ್ಸಿನಿಂದ ಇಳಿಯುವುದಕ್ಕೆ ಅವನ ಊರಿನಲ್ಲಿ 'ಗೆಟ್ ಆಫ್' ಎನ್ನುತ್ತಾರಂತೆ. 'ಗೆಟ್ ಡೌನ್' ಎಂದು ಕೂಗಿದರೆ, ಎಲ್ಲೋ ಗುಂಡು ಹಾರುತ್ತಿದೆ, ಬಗ್ಗು ಎಂದರ್ಥವಂತೆ. ಸರಿ, ಕಾರಿನಿಂದ ಇಳಿಯುವುದಕ್ಕೆ? 'ಗೆಟ್ ಔಟ್' ಎಂದ. ಈ ವಿದ್ಯೆಯನ್ನು ನಾನು ಇಂದಿಗೂ ಪ್ರಯೋಗಿಸಿಲ್ಲ. ನಮ್ಮ ಸೋದರಮಾವನನ್ನು ಕಾರಿನಿಂದ ಆ ಮಾತು ಹೇಳಿ ಇಳಿಸಿದರೆ ಅವರು ಜನ್ಮದಲ್ಲಿ ನಮ್ಮ ಮೆಟ್ಟಿಲು ಹತ್ತುವುದಿಲ್ಲ.

ಇಂಗ್ಲಿಷಿನ ಕ್ರಿಯಾಪದಗಳು ಒಂಟಿಯಾಗಿದ್ದಾಗ ಸಾಧು ಪ್ರಾಣಿಗಳು. 'ಪುಟ್' ಎಂದರೆ ಇಡು, 'ಲುಕ್' ಎಂದರೆ ನೋಡು. ಹಿಂದೆ ಒಂದು ಬಾಲ ಅಂಟಿತೋ, ಕಥೆ ಮುಗಿಯಿತು. ಕುಂದಾಪುರದಿಂದ ಭಾವನ ಸಂಸಾರ ಬರುವುದಿತ್ತು. ಅವರು ನಾಲ್ಕು ದಿನ ನನ್ನ ಮನೆಯಲ್ಲಿ ಉಳಿಯುತ್ತಾರೆ ಎಂದು ಕಚೇರಿಗೆ ರಜೆಯ ಅರ್ಜಿ ಬರೆದೆ. 'ಪುಟ್ ಅಪ್' ಎಂದರೆ ತಂಗುವುದು ಎಂದು ಗೊತ್ತಿತ್ತು, 'ವಿತ್ ಮೀ' ಎಂದರೆ ನನ್ನೊಂದಿಗೆ. ಎರಡನ್ನೂ ಜೋಡಿಸಿದೆ. ಮ್ಯಾನೇಜರ್ ರಜೆ ಮಂಜೂರು ಮಾಡಿ, ಕೆಳಗೆ ಕೆಂಪು ಶಾಯಿಯಲ್ಲಿ "ಅವರಿಗೆ ನನ್ನ ಸಹಾನುಭೂತಿ ತಿಳಿಸಿ" ಎಂದು ಬರೆದಿದ್ದರು. 'ಪುಟ್ ಅಪ್ ವಿತ್' ಎಂದು ಮೂರೂ ಸೇರಿದರೆ ಸಹಿಸಿಕೊಳ್ಳುವುದು ಎಂದಾಗುತ್ತದೆ. ಭಾವನ ಸಂಸಾರ ನಾಲ್ಕು ದಿನ ನನ್ನನ್ನು ಸಹಿಸಿಕೊಳ್ಳಲಿದೆ ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೆ.

ಬಾಲಗಳಿಗೆ ನ್ಯಾಯನೀತಿಯೂ ಇಲ್ಲ. ಅರ್ಜಿಯನ್ನು 'ಫಿಲ್ ಇನ್' ಮಾಡಿದರೂ 'ಫಿಲ್ ಔಟ್' ಮಾಡಿದರೂ ತುಂಬುವುದು ಒಂದೇ ಅರ್ಜಿ. ಒಳಗೂ ಹೊರಗೂ ವ್ಯತ್ಯಾಸವಿಲ್ಲ ಎಂಬ ಈ ಅದ್ವೈತವನ್ನು ದ್ವೈತದ ಉಡುಪಿಯಲ್ಲಿ ಕುಳಿತು ನಾನು ಹೇಗೆ ಒಪ್ಪಲಿ? ಸೀಟಿನ ನಿಯಮ ಬೇರೆ ಇದೆ. ಮುಂದೂಡು ಎನ್ನುವ 'ಪುಟ್ ಆಫ್' ಎಂಬ ಜೋಡಿಯಲ್ಲಿ ಮೀಟಿಂಗ್ ಎಂಬ ನಾಮಪದ ನಡುವೆ ಕುಳಿತರೂ ಸರಿ, ಹಿಂದೆ ನಿಂತರೂ ಸರಿ. ಆದರೆ 'ಇಟ್' ಎಂಬ ಸರ್ವನಾಮ ಬಂದರೆ ಅದಕ್ಕೆ ನಡುವೆಯೇ ಜಾಗ ಕೊಡಬೇಕು, ಹಿಂದೆ ನಿಲ್ಲಿಸುವಂತಿಲ್ಲ. ಜರ್ಮನ್ ಭಾಷೆಯಲ್ಲಿ ಬಾಲವೇ ಎಷ್ಟೋ ಸಲ ಕ್ರಿಯಾಪದದಿಂದ ಕಳಚಿಕೊಂಡು ವಾಕ್ಯದ ಕಟ್ಟಕಡೆಗೆ ಹೋಗಿ ನಿಲ್ಲುತ್ತದೆಯಂತೆ. ಅಂಥ ಭಾಷೆಯಲ್ಲಿ ಹುಟ್ಟಿ ಬೆಳೆದು ಇಲ್ಲಿಗೆ ಬಂದ ಕಿಟ್ಟೆಲರು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಬಾಲ ಹಿಡಿದು ಪಳಗಿದ ಕೈ. ನನ್ನದು ಹಾಗಲ್ಲ.

ಹೋಲಿಕೆಯ ವಿಷಯದಲ್ಲಿ ಪೆಟ್ಟು ತಿಂದದ್ದು ಬಡ್ತಿಯ ಕಾಲಕ್ಕೆ. ನಾನು ಪಕ್ಕದ ಮೇಜಿನವರಿಗಿಂತ ಹಿರಿಯ ಎಂದು ತಿಳಿಸಲು 'ಸೀನಿಯರ್ ದ್ಯಾನ್' ಎಂದು ಬರೆದೆ. ಕೆಂಪು ಸುತ್ತು ಬಿತ್ತು. ಸೀನಿಯರ್, ಜೂನಿಯರ್, ಸುಪೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಹೋಲಿಕೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬಂದವು. ಅವಕ್ಕೆ 'ದ್ಯಾನ್' ಆಗಿಬರುವುದಿಲ್ಲ, 'ಟು' ಬೇಕು ಎಂದು ಮ್ಯಾನೇಜರ್ ಪಾಠ ಮಾಡಿದರು. ಆ ಉತ್ಸಾಹದಲ್ಲಿ ಮುಂದಿನ ಪತ್ರದಲ್ಲಿ ಅಣ್ಣನನ್ನು 'ಎಲ್ಡರ್ ಟು ಮೀ' ಎಂದೆ. ಮತ್ತೆ ಸುತ್ತು. ಇಲ್ಲಿ 'ಓಲ್ಡರ್ ದ್ಯಾನ್' ಆಗಬೇಕಂತೆ. ಬಡ್ತಿ ಪಕ್ಕದ ಮೇಜಿಗೆ ಹೋಯಿತು, ವ್ಯಾಕರಣ ನನ್ನಲ್ಲಿ ಉಳಿಯಿತು.

ಮಲ್ಪೆಯ ಮೀನಿನ ಮುಂದೆ ನಿಂತು ನೋಡಿ. ಅಂಜಲಿಗಿಂತ ಬಂಗುಡೆ ರುಚಿ, ಬಂಗುಡೆಗಿಂತ ಬೂತಾಯಿ ಅಗ್ಗ. ಒಂದು 'ಗಿಂತ' ಇಟ್ಟುಕೊಂಡು ಇಡೀ ಸಮುದ್ರವನ್ನು ಅಳೆಯಬಹುದು. ರುಚಿ ರುಚಿಯಾಗಿಯೇ ಇರುತ್ತದೆ, ಅದಕ್ಕೆ 'ಅರ್' ಎಂಬ ಕೋಡು ಮೂಡುವುದಿಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ 'ಪ್ರಿಫರ್' ಎಂದು ಶುರು ಮಾಡಿದರೆ ಬಂಗುಡೆಗೂ ಅಂಜಲಿಗೂ ನಡುವೆ ಮತ್ತೆ 'ಟು' ಬಂದು ಕುಳಿತಿರುತ್ತದೆ. ಒಂದು ವಿಷಯ ಮಾತ್ರ ಮೆಚ್ಚಿದೆ. ನಮ್ಮ 'ಮೇಲೆ', 'ಮೇಲು' ಎರಡೂ ಒಂದೇ ಬೇರಿನವಾದ ಹಾಗೆಯೇ, ಸುಪೀರಿಯರ್ ಎಂಬುದರ ಮೂಲವೂ ಲ್ಯಾಟಿನ್‌ನ 'ಮೇಲೆ'ಯೇ ಅಂತೆ. ಅಟ್ಟದಲ್ಲಿ ಇಟ್ಟದ್ದೇ ಉತ್ತಮ ಎಂಬ ನಂಬಿಕೆ ರೋಮಿನಲ್ಲೂ ಇತ್ತೆನ್ನಿ.

ಈ ಗರ್ವದಲ್ಲಿಯೇ ಇದ್ದೆ. ಅಷ್ಟಮಿಯ ದಿನ ನೆರೆಮನೆಯವರು ತಮ್ಮ ಮಾಳಿಗೆಗೆ ಹೊಸದಾಗಿ ಬಾಡಿಗೆಗೆ ಬಂದವನನ್ನು ಉಂಡೆ ಚಕ್ಕುಲಿಗೆಂದು ಕರೆತಂದರು. ನೋಡಿದರೆ ಅವನೇ, ಇಂದ್ರಾಳಿಯ ಹುಡುಗ! ಕನ್ನಡ ಕಲಿಯುತ್ತಿದ್ದಾನಂತೆ, ಕೈಯಲ್ಲಿ ನೋಟುಪುಸ್ತಕ. ನನ್ನನ್ನು ಕಂಡವನೇ ಮುಖ ಅರಳಿಸಿ, ಮನೆಯವರೆಲ್ಲರಿಗೂ ಕೇಳುವಂತೆ ಹೇಳಿದ: "ಇವರು ನನಗೆ ಬಸ್ಸಿನಲ್ಲಿ ಕೈಕೊಟ್ಟರು."

ನೆರೆಮನೆಯವರ ಗಂಟಲಿನಲ್ಲಿ ಚಕ್ಕುಲಿ ಸಿಕ್ಕಿಕೊಂಡಿತು. ಅವನ ಭಾಷೆಯಲ್ಲಿ ಕೈಕೊಡುವುದೆಂದರೆ ಸಹಾಯ ಮಾಡುವುದು, ಪಾಪ. ನಾನು ತಿದ್ದಲು ಕುಳಿತೆ. ಕೈಕೊಟ್ಟರೆ ಮೋಸ, ಕೈಹಿಡಿದರೆ ಮದುವೆ ಅಥವಾ ಆಸರೆ, ಕೈಬಿಟ್ಟರೆ ಅನಾಥ, ಕೈಹಾಕಿದರೆ ಆರಂಭ, ಕೈಚೆಲ್ಲಿದರೆ ಸೋಲು, ಕೈಗೂಡಿದರೆ ಗೆಲುವು, ಕೈತಪ್ಪಿದರೆ ನನ್ನ ಬಡ್ತಿ. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಗುತ್ತ ಬಂತು. ಅವನು ಒಂದನ್ನೂ ಬಿಡದೆ ಬರೆದುಕೊಂಡು, ಪೆನ್ನು ಕಚ್ಚಿ ಯೋಚಿಸಿ ಕೇಳಿದ:

"ಹಾಗಾದರೆ, ಕೈಹಿಡಿದವರೇ ಕೈಕೊಡಬಹುದೇ?"

"ಬರೆದುಕೋ ಮಾರಾಯ," ಎಂದಳು ನನ್ನ ಹೆಂಡತಿ, ಅವನ ತಟ್ಟೆಗೆ ಇನ್ನೊಂದು ಉಂಡೆ ಇಡುತ್ತ. "ಉದಾಹರಣೆ ಬೇಕಿದ್ದರೆ ಇಲ್ಲಿಯೇ ಕುಳಿತಿದ್ದಾರೆ."